ತಣ್ಣೀರುಬಾವಿಯ ಸಂಜೆ, ಮರಳಲ್ಲಿ ಕುಸಿದ ಟ್ರೈಪಾಡ್

ಎಲ್ಲರಿಗೂ ನಮಸ್ಕಾರ. ಈ ಕಪ್ಪು ಕಲ್ಲಿನ ಬುರುಜು ಕಾಣ್ತಿದೆ ಅಲ್ವಾ, ಇದು ಮಂಗಳೂರಿನ ಸುಲ್ತಾನ್ ಬತ್ತೇರಿ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ್ದು. ಗುರುಪುರ ನದಿಯೊಳಗೆ ಶತ್ರುಗಳ ಹಡಗು ನುಗ್ಗದಂತೆ ಕಾವಲು ಕಾಯುವ ಜಾಗ. ಹೆಚ್ಚಿನವರು ಇದರ ಕಡೆ ತಿರುಗಿಯೂ ನೋಡದೆ ಸೀದಾ ಆಚೆ ದಡದ ತಣ್ಣೀರುಬಾವಿ ಕಡಲತೀರಕ್ಕೆ ಹೋಗುವ ದೋಣಿಗೆ ಓಡುತ್ತಾರೆ. ಹಾಗೆ ಮಾಡಬೇಡಿ. ಮೇಲೆ ಹತ್ತಿ, ಎರಡು ನಿಮಿಷ ಗಾಳಿಗೆ ನಿಂತು ಬನ್ನಿ.

ಈಗ ದೋಣಿಯಲ್ಲಿದ್ದೇವೆ. ತಣ್ಣೀರುಬಾವಿಗೆ ರಸ್ತೆಯಲ್ಲೂ ಬರಬಹುದು, ಆದರೆ ಕೂಳೂರು ಸೇತುವೆ ಸುತ್ತಿಕೊಂಡು ಬರಬೇಕು. ನನ್ನನ್ನು ಕೇಳಿದರೆ ದೋಣಿಯೇ ಸರಿ. ಒಂದು ಕಡೆ ನದಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ಮಧ್ಯದಲ್ಲಿ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಈ ಪಟ್ಟಿಯ ತುದಿಯಲ್ಲಿ ಬೆಂಗ್ರೆ. ಅಲ್ಲಿಯೇ ಅಳಿವೆ, ನೇತ್ರಾವತಿಯೂ ಗುರುಪುರ ನದಿಯೂ ಒಟ್ಟಾಗಿ ಸಮುದ್ರ ಸೇರುವ ಬಾಗಿಲು. ನದಿ ಅಂದಾಗ ನೆನಪಾಯ್ತು, ಪಿಲಿಕುಳ ನಿಸರ್ಗಧಾಮದ ವಿಡಿಯೋ ಯಾವಾಗ ಅಂತ ತುಂಬಾ ಜನ ಕೇಳಿದ್ದೀರಿ. ತುಳುವಿನಲ್ಲಿ ಪಿಲಿ ಅಂದರೆ ಹುಲಿ, ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳ ಅಂತ ಆ ಹೆಸರು. ಅಲ್ಲಿ ಪ್ರಾಣಿಗಳನ್ನು ನೋಡೋದಕ್ಕೇ ಅರ್ಧ ದಿನ ಬೇಕು, ಆಮೇಲೆ ಕೆರೆ, ಗುತ್ತುಮನೆ ಅನ್ನೋ ತುಳುನಾಡಿನ ಹಳೇ ದೊಡ್ಡಮನೆ, ತಾರಾಲಯ... ಓ, ದಡ ಬಂತು, ಇಳಿಯೋಣ.

ಈ ಗಾಳಿ ಮರಗಳ ಸದ್ದು ಕೇಳಿ. ಇಲ್ಲಿ ನಾನು ಮಾತಾಡಲ್ಲ.

ಸರಿ, ಈಗ ಆ ಟ್ರೈಪಾಡ್ ವಿಷಯ. ಅಲೆ ಬಂದು ನಿಲ್ಲುವ ಗೆರೆಯಿಂದ ಎರಡು ಹೆಜ್ಜೆ ಹಿಂದೆ ಇಟ್ಟಿದ್ದೆ. ಒದ್ದೆ ಮರಳು ಗಟ್ಟಿ ಇತ್ತು, ಅಲ್ಲಾಡಿಸಿಯೂ ನೋಡಿದ್ದೆ. ಒಂದು ಅಲೆ ಸ್ವಲ್ಪ ಜಾಸ್ತಿ ಮುಂದೆ ಬಂತು. ಬಂದಾಗ ಏನೂ ಆಗಲಿಲ್ಲ. ಹಿಂದೆ ಹೋಗುವಾಗ ನೋಡಿ, ನಿಧಾನ ಮಾಡಿ ತೋರಿಸ್ತೀನಿ. ಕಾಲಿನ ಸುತ್ತ ನೀರು ಸುಳಿಯುತ್ತದೆ, ಬಟ್ಟಲಿನ ಹಾಗೆ ಒಂದು ಗುಳಿ ಬೀಳುತ್ತದೆ, ಇನ್ನೊಂದು ಅಲೆಗೆ ಆ ಗುಳಿ ಆಳ ಆಗುತ್ತದೆ. ಸಮುದ್ರದ ಕಡೆಯ ಕಾಲು ಮೆಲ್ಲಗೆ ಒಳಗೆ ಇಳಿಯಿತು, ಕ್ಯಾಮೆರಾ ಮುಂದಕ್ಕೆ ಬಾಗಿತು. ಓಡಿ ಬಂದು ಹಿಡಿದೆ, ಲೆನ್ಸ್ ಉಳಿಯಿತು. ಟ್ರೈಪಾಡಿನ ಕಾಲೊಳಗೆ ಮಾತ್ರ ಉಪ್ಪು ನೀರು, ಮರಳು ಎರಡೂ ಹೊಕ್ಕವು. ಲಾಕ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ನಿಮಗೂ ಹೀಗಾದರೆ ಬಲವಂತವಾಗಿ ಮಡಚಬೇಡಿ. ಮನೆಗೆ ತಂದು ಕಾಲು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಜೋಡಿಸಿ. ಉಪ್ಪು ಹಾಗೇ ಉಳಿದರೆ ಸ್ಕ್ರೂ ತುಕ್ಕು ಹಿಡಿಯುತ್ತದೆ.

ಅಲ್ಲಿದ್ದ ಜೀವರಕ್ಷಕ ಅಣ್ಣ ಬಂದು ಕ್ಯಾಮೆರಾ ಬಿಟ್ಟು ನನ್ನ ಕಾಲು ನೋಡಿದರು. "ನಿಮ್ಮ ಕಾಲಡಿಯೂ ಹೀಗೇ ಹೋಗ್ತದೆ ಮಾರಾಯ್ರೆ, ಗೊತ್ತೇ ಆಗೂದಿಲ್ಲ" ಅಂದರು. ನಿಜ. ಮೊಣಕಾಲು ನೀರಲ್ಲಿ ಸುಮ್ನೆ ನಿಂತವರೂ ಬೀಳೋದು ಹೀಗೆಯೇ. ಇನ್ನೂ ಒಂದು ತೋರಿಸಿದರು. ಎರಡು ಕಡೆ ಅಲೆ ನೊರೆ ಒಡೆಯುತ್ತಿದೆ, ಮಧ್ಯದಲ್ಲಿ ಮಾತ್ರ ನೀರು ಶಾಂತವಾಗಿದೆ, ಕಾಣ್ತಿದೆಯಾ? ನಾನು ಮಗುವನ್ನು ಅಲ್ಲೇ ಇಳಿಸುತ್ತಿದ್ದೆನೇನೋ. ಆದರೆ ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು. ಸಿಕ್ಕಿಬಿದ್ದರೆ ದಡದ ಕಡೆಗೆ ಈಜಬೇಡಿ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬನ್ನಿ, ಆಮೇಲೆ ದಡಕ್ಕೆ. ಮಳೆಗಾಲದಲ್ಲಂತೂ ನೀರಿಗೆ ಇಳಿಯಲೇಬೇಡಿ.

ಬಂದರಿನ ಪಕ್ಕದ ಪಣಂಬೂರು ಕಡಲತೀರಕ್ಕಿಂತ ತಣ್ಣೀರುಬಾವಿ ಎಷ್ಟೋ ಮೇಲು ಅಂತ ಹೇಳ್ತಾ ಬಂದಿದ್ದೆ. ಇವತ್ತು ಸ್ವಲ್ಪ ಬದಲಿಸ್ತೀನಿ. ಮರದ ನೆರಳು, ಕೂರೋದಕ್ಕೆ ಜಾಗ ಬೇಕಾದರೆ ಇಲ್ಲಿಗೆ ಬನ್ನಿ. ಮಕ್ಕಳಿಗೆ ಬಂದರಿನ ಹಡಗು ಹತ್ತಿರದಿಂದ ತೋರಿಸಬೇಕಾದರೆ ಪಣಂಬೂರೇ.

ಅಗೋ, ಸೂರ್ಯ ನೀರಿಗೆ ಮುಟ್ಟಿದ. ದೋಣಿಗೆ ಜನ ಸೇರ್ತಿದ್ದಾರೆ, ನಾನು ಓಡ್ತೀನಿ. ಪಿಲಿಕುಳದಲ್ಲಿ ಸಿಗೋಣ.