ಬಾವಿಯ ನೀರಿನ ವರದಿ ಬಾವಿಯ ಮನೆಗೆ ತಲುಪಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಊರಿನ ಕಸ ಸುರಿಯುವ ಗುಡ್ಡಗಳ ಬುಡದಲ್ಲಿ ಬದುಕುತ್ತಿರುವ ಮನೆಗಳವರು ಮತ್ತು ಅವರ ಅಹವಾಲು ಕೇಳಬೇಕಾದ ಪಾಲಿಕೆ, ಪುರಸಭೆ, ಗ್ರಾಮ ಪಂಚಾಯಿತಿಗಳ ಸದಸ್ಯರು ಈಗ ರೇಡಿಯೊ ಮುಂದೆ ಇದ್ದಾರೆಂದು ಭಾವಿಸಿ ಮಾತನಾಡುತ್ತಿದ್ದೇನೆ. ಹೇಳಬೇಕಾದದ್ದು ಒಂದೇ ಮಾತು. ಬಾವಿ ಯಾರದೋ ಅವರ ಕೈಗೆ ಆ ಬಾವಿಯ ನೀರಿನ ಪರೀಕ್ಷಾ ವರದಿ ತಲುಪಬೇಕು. ಅವರು ಓದಬಲ್ಲ ಕನ್ನಡದಲ್ಲಿ, ಮಳೆಗಾಲದಲ್ಲಿಯೇ ತಲುಪಬೇಕು.

ಮಳೆಗಾಲವೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮನೆಯ ಕಾಫಿ ಫಿಲ್ಟರನ್ನು ನೆನಪಿಸಿಕೊಳ್ಳಿ. ಪುಡಿಯ ಮೇಲೆ ಸುರಿದ ನೀರು ಕೆಳಗಿನ ಪಾತ್ರೆಗೆ ಡಿಕಾಕ್ಷನ್ ಆಗಿ ಇಳಿಯುವ ಹಾಗೆಯೇ, ಕಸದ ರಾಶಿಯ ಮೇಲೆ ಬಿದ್ದ ಮಳೆ ಅದರೊಳಗೆ ಇಳಿದು, ಕೊಳೆತ ತರಕಾರಿ, ಅನ್ನ, ಮಾಂಸ, ಬ್ಯಾಟರಿ, ಔಷಧಿ ಎಲ್ಲದರ ಸಾರವನ್ನು ಹೀರಿಕೊಂಡು ಕಪ್ಪು ರಸವಾಗಿ ತಳದಿಂದ ಹೊರಬರುತ್ತದೆ. ಅದನ್ನು ಲೀಚೇಟ್ ಎನ್ನುತ್ತೇವೆ. ಶಿಸ್ತಿನಿಂದ ಕಟ್ಟಿದ ಭೂಭರ್ತಿ ಘಟಕದಲ್ಲಿ, ಅಂದರೆ ಕಸ ಹೂಳುವ ಜಾಗದಲ್ಲಿ, ತಳಕ್ಕೆ ಜೇಡಿಮಣ್ಣು ಮತ್ತು ದಪ್ಪನೆಯ ಪ್ಲಾಸ್ಟಿಕ್ ಹಾಸು ಇರುತ್ತದೆ, ರಸವನ್ನು ಹಿಡಿದು ಸಂಸ್ಕರಣೆಗೆ ಒಯ್ಯುವ ಕೊಳವೆ ಇರುತ್ತದೆ. ನಮ್ಮ ಹಳೆಯ ಕಸದ ಗುಡ್ಡಗಳಿಗೆ ಈ ಹಾಸೂ ಇಲ್ಲ, ಕೊಳವೆಯೂ ಇಲ್ಲ.

2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ರಾಶಿ ಮಳೆಗೆ ಜಾರಿ ಕೆಳಗಿನ ಮಂದಾರ ಪ್ರದೇಶದ ಅಡಕೆ ತೋಟಗಳನ್ನೂ ಮನೆಗಳನ್ನೂ ಮುಚ್ಚಿತು. ಅಲ್ಲಿನ ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ಅಂಥ ಅನಾಹುತ ಎಲ್ಲರ ಕಣ್ಣಿಗೆ ಬೀಳುತ್ತದೆ. ಆದರೆ ಬಾವಿಗೆ ಹನಿಹನಿಯಾಗಿ ಇಳಿಯುವ ರಸ ಆ ಮನೆಯವರ ಕಣ್ಣಿಗಷ್ಟೇ ಬೀಳುತ್ತದೆ. ಅವರು ಬಂದು ಹೇಳಿದಾಗ ನಾವು ಕೇಳಿಸಿಕೊಳ್ಳಬೇಕು.

ಇದನ್ನು ನನಗೆ ಕಲಿಸಿದವರೊಬ್ಬರಿದ್ದಾರೆ. ಹಲವು ವರ್ಷಗಳ ಹಿಂದೆ, ಮಲೆನಾಡಿನ ಸೆರಗಿನ ಒಂದು ಪಟ್ಟಣದವರು ತಮ್ಮ ಕಸದ ಗುಡ್ಡದ ಪಕ್ಕದ ಹಳ್ಳಿಯಲ್ಲಿ ಅಹವಾಲು ಸಭೆ ಕರೆದು, ಪರಿಸರ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದ ನನ್ನನ್ನೂ ಕರೆದೊಯ್ದಿದ್ದರು. ಸಭೆ ನಡೆದದ್ದು ಶಾಲೆಯ ಜಗಲಿಯಲ್ಲಿ. ಅಧಿಕಾರಿಯೊಬ್ಬರು ಮಾರ್ಚ್ ತಿಂಗಳಲ್ಲಿ ಮಾಡಿಸಿದ ನೀರಿನ ವರದಿಯನ್ನು ಓದಿ, ಎಲ್ಲ ಅಂಶಗಳೂ ಮಿತಿಯೊಳಗಿವೆ, ಯಾರೂ ಹೆದರಬೇಕಾಗಿಲ್ಲ ಎಂದರು. ನಾನೂ ಹೌದೆಂದೆ. ಆಗ ಹಿಂದಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದು ಬಂದು, ಸೆರಗಿನಡಿ ಸುತ್ತಿಟ್ಟುಕೊಂಡಿದ್ದ ಹಿಂದಿನ ವರ್ಷದ ಗೋಡೆ ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಚ್ಚಿದರು. ಅದು ಡೈರಿಗೆ ಹಾಕಿದ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರು. ಹಾಲಿನ ಅಂಕಿಗಳ ಪಕ್ಕದಲ್ಲಿ ಕೆಲವು ದಿನಗಳಿಗೆ ಮಾತ್ರ ಇದ್ದಿಲ ಚುಕ್ಕೆಯಿತ್ತು. ಬಾವಿಯ ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಒಂದು ಚುಕ್ಕೆ, ವಾಸನೆಯೂ ಬಂದರೆ ಎರಡು. ಜನವರಿಯಿಂದ ಮೇ ತನಕದ ಹಾಳೆಗಳಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಆರಿದ್ರಾ ಮಳೆ ಹಿಡಿದ ನಾಲ್ಕನೆಯ ದಿನಕ್ಕೆ ಮೊದಲ ಚುಕ್ಕೆ. ಪುಷ್ಯ, ಆಶ್ಲೇಷಾ ಮಳೆಗಳಿಗೆ ಬರುವ ಹೊತ್ತಿಗೆ ಹಾಳೆಯ ತುಂಬ ಜೋಡಿ ಚುಕ್ಕೆಗಳು. ದೀಪಾವಳಿ ಕಳೆದ ಮೇಲೆ ಮತ್ತೆ ಖಾಲಿ.

ಅಧಿಕಾರಿ ಸುಳ್ಳು ಹೇಳಿರಲಿಲ್ಲ. ಮಾರ್ಚ್ ತಿಂಗಳ ನೀರು ನಿಜಕ್ಕೂ ಚೆನ್ನಾಗಿತ್ತು; ಆಕೆ ಕೇಳುತ್ತಿದ್ದದ್ದು ಜುಲೈ ತಿಂಗಳ ನೀರಿನ ಬಗ್ಗೆ. ಗುಡ್ಡದ ರಸ ಮುರಕಲ್ಲಿನ ಸಂದುಗಳಲ್ಲಿ ಇಳಿದು ಬಾವಿ ಸೇರಲು ಎಷ್ಟು ದಿನ ಬೇಕೆಂಬುದನ್ನು ಪ್ರಯೋಗಾಲಯದಲ್ಲಿದ್ದ ನಾವು ಅಳೆದಿರಲಿಲ್ಲ, ಆಕೆ ಅಳೆದಿದ್ದರು. ಆ ಆಗಸ್ಟ್‌ನಲ್ಲಿ ಕಿರಿಯ ಎಂಜಿನಿಯರೊಬ್ಬರು ಅದೇ ಕ್ಯಾಲೆಂಡರಿನ ಲೆಕ್ಕ ಹಿಡಿದು ನೀರಿನ ಮಾದರಿ ತೆಗೆದರು. ಅಮೋನಿಯಾ, ನೈಟ್ರೇಟ್ ಎರಡೂ ಮಿತಿ ದಾಟಿದ್ದವು. ವರದಿಯನ್ನು ಅವರ ಜಗಲಿಯಲ್ಲಿ ಕುಳಿತು ಮೊಮ್ಮಗಳು ಗಟ್ಟಿಯಾಗಿ ಓದಿದಳು, ಅಕ್ಕಪಕ್ಕದ ಮನೆಗಳವರೆಲ್ಲ ನಿಂತು ಕೇಳಿದರು. ಮರುವಾರವೇ ಆ ಸಾಲಿಗೆ ಟ್ಯಾಂಕರ್ ನೀರು ಬಂತು, ಮರುವರ್ಷ ಕೊಳವೆ ಬಂತು. ಆ ಓಣಿಯವರು ಕೇಳಿದ್ದು ಬಾವಿಯ ಸತ್ಯವನ್ನು ಮಾತ್ರ. ಅದು ಸಿಕ್ಕ ಮೇಲೆ ಮುಂದಿನ ಮಾತುಕತೆ ಸುಲಭವಾಯಿತು.

ಇದು ನನ್ನ ಸ್ವಂತ ಬೇಡಿಕೆಯೆಂದು ಯಾರೂ ತಿಳಿಯಬಾರದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಭೂಭರ್ತಿ ಘಟಕದ ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆ, ಮಳೆಗಾಲ ಮತ್ತು ಮಳೆಗಾಲದ ನಂತರ, ಹೀಗೆ ಮೂರು ಕಾಲಗಳಲ್ಲಿಯೂ ಪರೀಕ್ಷಿಸಬೇಕೆಂದು ಹೇಳಿದವು. ಘಟಕ ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ನೋಡಿಕೊಳ್ಳಬೇಕೆಂದವು. ಬೆಂಗಳೂರಿನ ಮಂಡೂರಿನವರ ಹೋರಾಟದಿಂದಾಗಿ 2014ರ ಡಿಸೆಂಬರಿನಿಂದ ಅಲ್ಲಿಗೆ ಕಸದ ಲಾರಿ ಹೋಗುವುದು ನಿಂತಿತು. ಆದರೆ ಲಾರಿ ನಿಂತ ದಿನವೇ ಗುಡ್ಡದಿಂದ ರಸ ಇಳಿಯುವುದು ನಿಲ್ಲುವುದಿಲ್ಲ. ಹೀಗಿರುವಾಗ ಬೇಸಿಗೆಯ ಒಂದೇ ವರದಿಯನ್ನು ಇಂಗ್ಲಿಷಿನಲ್ಲಿ ಕಡತಕ್ಕೆ ಸೇರಿಸಿ ಕೆಲಸ ಮುಗಿಯಿತೆನ್ನುವುದು ನನಗೆ ಅರ್ಥವಾಗುವುದಿಲ್ಲ.

ನನಗಿತ್ತ ವೇಳೆ ಮುಗಿಯುತ್ತ ಬಂದಿದೆ. ವಾಸನೆ, ಬೆಂಕಿ, ನೊಣ, ಬೀದಿನಾಯಿಗಳ ಕಾಟದ ಬಗೆಗೂ ಹೇಳಬೇಕಿತ್ತು. ಇವೆಲ್ಲದರ ಮೂಲ ಹಸಿ ಕಸ, ಅದನ್ನು ಪಟ್ಟಣದ ಮನೆಗಳಲ್ಲಿಯೇ ಬೇರ್ಪಡಿಸಿ ಗೊಬ್ಬರ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಲಾರಿಗಳು ಗುಡ್ಡಕ್ಕೆ ಹೋಗಬೇಕಾಗಿಲ್ಲ. ಹಳೆಯ ರಾಶಿಯನ್ನು ಅಗೆದು, ಜರಡಿ ಹಿಡಿದು, ಮಣ್ಣು ಬೇರೆ ಪ್ಲಾಸ್ಟಿಕ್ ಬೇರೆ ಮಾಡಿ ಕರಗಿಸುವ ಕೆಲಸವನ್ನು ಮಳೆ ಬಿಟ್ಟ ತಿಂಗಳುಗಳಲ್ಲಿ ನಡೆಸಬೇಕು.

ಸದಸ್ಯರಲ್ಲಿ ನನ್ನ ಕೋರಿಕೆಯೆಂದರೆ, ಮುಂದಿನ ಸಭೆಯ ನಡಾವಳಿಯಲ್ಲಿ ಗುಡ್ಡದ ಸುತ್ತಲಿನ ಬಾವಿಗಳ ಪಟ್ಟಿ ಬರೆಯಿಸಿ, ಜೋರು ಮಳೆಯ ಒಂದು ವಾರದೊಳಗೆ ಮಾದರಿ ತೆಗೆಸಿ. ಮನೆಯವರು ವರದಿಯಲ್ಲಿ ನಾಲ್ಕು ಹೆಸರು ನೋಡಿದರೆ ಸಾಕು: ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಕ್ಲೋರೈಡ್ 250 ಮಿಲಿಗ್ರಾಂ ಒಳಗಿರಬೇಕು, ಅಮೋನಿಯಾ ಅರ್ಧ ಮಿಲಿಗ್ರಾಂ ಮೀರಬಾರದು, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇರಲೇಬಾರದು. ವರದಿ ಬರುವ ತನಕ ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ನೀರಿನ ಬಣ್ಣ ಬದಲಾದ ದಿನಗಳಿಗೆ ಗುರುತು ಹಾಕಿ, ಅದರ ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಮಸ್ಕಾರ.