ಜೈಲಿನ ಗೇಟಿನಾಚೆ ಮೊದಲ ವಾರ

ಕೇಳುಗರೇ, ನಮಸ್ಕಾರ.

ಪರಪ್ಪನ ಅಗ್ರಹಾರದ ಜೈಲಿನ ಹೊರಗೆ ಮುಸ್ಸಂಜೆಯಲ್ಲಿ ಒಮ್ಮೆ ನಿಂತು ನೋಡಬೇಕು. ಕಾಗದಪತ್ರ ಮುಗಿದು ಬಿಡುಗಡೆಯಾದವರು ಆಚೆ ಬರುವಷ್ಟರಲ್ಲಿ ಎಷ್ಟೋ ಸಲ ಕತ್ತಲಾಗಿರುತ್ತದೆ. ಹಾಗೆ ಬಂದ ಒಬ್ಬರ ಕೈಯಲ್ಲಿ ಜವಳಿ ಅಂಗಡಿಯ ಹಳೇ ಚೀಲವಿತ್ತು. ಎರಡು ಜೊತೆ ಬಟ್ಟೆ, ಬಿಡುಗಡೆ ಪತ್ರ, ಸಿಮ್ ಸತ್ತುಹೋದ ಫೋನು. ಒಂಬತ್ತು ವರ್ಷದ ಮೇಲೆ ಹೊರಗೆ ಬಂದಿದ್ದರು. "ಊರಿಗೆ ಹೋಗಲ್ವಾ?" ಅಂದೆ. "ತಮ್ಮನ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾವ್ರಂತೆ ಸಾರ್. ಈಗ ಬರಬೇಡ ಅಂದವ್ನೆ."

ಒಳಗೆ ಬಡಗಿ ಕೆಲಸ ಮಾಡಿ ದುಡಿದ ಕೂಲಿ ಅವರ ಖಾತೆಯಲ್ಲೇ ಇತ್ತು. ಆದರೆ ಬ್ಯಾಂಕಿನವರು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕು ಅಂದರು. ಆ ನಂಬರು ಎಂದೋ ಬೇರೆ ಯಾರದೋ ಆಗಿತ್ತು. ರೇಷನ್ ಕಾರ್ಡಿನಲ್ಲಿ ಹೆಸರೂ ಹೋಗಿತ್ತು. ಆಧಾರ್ ಕೇಂದ್ರದಲ್ಲಿ ಬೆರಳು ಒತ್ತಿದರೆ, ಉಳಿ ಹಿಡಿದು ಸವೆದ ಬೆರಳನ್ನು ಯಂತ್ರ ಒಪ್ಪಲಿಲ್ಲ. ಒರೆಸಿಕೊಂಡು ಒತ್ತಿದರು, ಮತ್ತೆ ಒತ್ತಿದರು. ಮೂರನೇ ದಿನ ಒಪ್ಪಿತು. ಆ ಮೂರು ದಿನ ಅವರು ಉಂಡಿದ್ದು, ಮಲಗಿದ್ದು ಗೊತ್ತಿದ್ದವರೊಬ್ಬರ ದಯೆಯಲ್ಲಿ. ಅಂಥವರು ಸಿಗದಿದ್ದರೆ ಕೈಹಿಡಿಯಲು ಬರುವುದು ಹಳೇ ಸಹವಾಸವೇ.

ಶಿಕ್ಷೆ ಮುಗಿಯುವ ತಾರೀಖು ಜೈಲಿನ ಪುಸ್ತಕದಲ್ಲೇ ಇರುತ್ತದಲ್ಲ? ಹಾಗಿದ್ದ ಮೇಲೆ ಆಧಾರ್, ಪಾಸ್‌ಬುಕ್, ಉಳಿಯುವ ಜಾಗದ ಏರ್ಪಾಟು ಮೂರು ತಿಂಗಳು ಮೊದಲೇ, ಗೋಡೆಯೊಳಗೇ ಆಗಬೇಕು. ನಾನು ಗಟ್ಟಿಯಾಗಿ ಕೇಳುವುದು ಇದನ್ನೇ.

ಇರುವ ಸೌಲಭ್ಯಗಳೂ ಜನರಿಗೆ ತಿಳಿಯಲಿ. ಬಂಧನದಲ್ಲಿರುವ ಯಾರಿಗೇ ಆಗಲಿ, ಉಚಿತ ಕಾನೂನು ನೆರವು 1987ರ ಕಾಯ್ದೆ ಕೊಟ್ಟ ಹಕ್ಕು. ಮನೆಯವರು 15100ಕ್ಕೆ ಫೋನ್ ಮಾಡಿ ಕೇಳಬಹುದು. ಜಾಮೀನು ಸಿಕ್ಕಿಯೂ ಹಣ ಕಟ್ಟಲಾಗದೆ ಒಳಗೇ ಉಳಿದ ಬಡವರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಯೋಜನೆ ತಂದಿದೆ. ಶುರುವಿನಲ್ಲಿ ಅದರಲ್ಲಿ ವಿಚಾರಣಾಧೀನ ಕೈದಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಾಬಂದಿಗೆ 25,000ದವರೆಗೆ ನೆರವು ಗೊತ್ತುಮಾಡಿದ್ದರು. ಜಾಮೀನಾದ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ ಅದೇ ವರ್ಷ ಹೇಳಿತು. ಕಸುಬು ಕಲಿಯಲು 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್‌ನ ಮಾದರಿಯ ಕೇಂದ್ರಗಳು ದೇಶದುದ್ದಕ್ಕೂ ಇವೆ, ಊಟ ವಸತಿ ಎಲ್ಲ ಉಚಿತ. ಬಿಡುಗಡೆಯಾದವರನ್ನು ಅಲ್ಲಿಯವರೆಗೆ ಜೊತೆಗೆ ಕರೆದೊಯ್ಯುವ ಒಬ್ಬರು ಬೇಕು, ಅಷ್ಟೇ.

ಅಪರಾಧದಿಂದ ನೊಂದವರ ಪಾಡೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೈದಿಗಳ ಕೂಲಿಯಲ್ಲಿ ಒಂದು ಪಾಲನ್ನು ನೊಂದವರ ಪರಿಹಾರಕ್ಕೆ ತೆಗೆದಿಡುವ ಕಾನೂನು ಮಾಡಿ ಎಂದು ಸುಪ್ರೀಂ ಕೋರ್ಟ್ 1998ರಲ್ಲೇ ರಾಜ್ಯಗಳಿಗೆ ಹೇಳಿದೆ. ಹೊರಗೆ ಬಂದವರು ದುಡಿಯುವಂತಾದರೆ ನೊಂದವರಿಗೂ ಒಳ್ಳೆಯದೇ.

ಆ ಬಡಗಿಗೆ ಆಮೇಲೆ ಒಂದು ಮರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಜೈಲಿನ ವಿಷಯ ಮಾಲೀಕರಿಗೆ ಮೊದಲೇ ಹೇಳಿದ್ದರು. ತಮ್ಮನ ಮಗಳ ಮದುವೆಗೆ ಕರೆ ಬರಲಿಲ್ಲ. ರಾತ್ರಿ ಕೂತು ತೇಗದ ಮಂಚವೊಂದನ್ನು ಮಾಡಿ ಲಗೇಜ್ ಆಟೋದಲ್ಲಿ ಊರಿಗೆ ಕಳಿಸಿದರು. ತಮ್ಮ ಇಳಿಸಿಕೊಂಡನಂತೆ.

ನಮಸ್ಕಾರ.