ಅಕ್ಕಿ ಮುಕ್ಕುವ ಚಟವೂ ರಕ್ತಹೀನತೆಯೂ

ಕೇಳುಗರೇ, ನಮಸ್ಕಾರ.

ಅಕ್ಕಿ ಆರಿಸುತ್ತಾ ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುವವರು ನಿಮ್ಮ ಮನೆಯಲ್ಲಿ ಇದ್ದಾರಾ? ಬಳಪ, ಮಣ್ಣು ತಿನ್ನುವವರು? ‘ಹಸಿ ಅಕ್ಕಿ ತಿಂದ್ರೆ ಮದುವೆ ದಿನ ಮಳೆ ಬರುತ್ತೆ ನೋಡು’ ಅಂತ ಅಜ್ಜಿ ಮೊಮ್ಮಗಳನ್ನು ಗದರುತ್ತಾರೆ. ಮಳೆ ವಿಷಯ ನನಗೆ ಗೊತ್ತಿಲ್ಲ. ಆದರೆ ಆ ಹುಡುಗಿಯ ರಕ್ತ ಪರೀಕ್ಷೆ ಮಾಡಿಸಿ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಇಂಥ ಚಪಲ ಹುಟ್ಟುವುದುಂಟು.

ರಕ್ತದಲ್ಲಿರುವ ಹಿಮೋಗ್ಲೋಬಿನ್ ಮೈಗೆಲ್ಲ ಆಮ್ಲಜನಕ ಒಯ್ಯುತ್ತದೆ. ಅದು ತಯಾರಾಗಲು ಕಬ್ಬಿಣ ಬೇಕು. ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಹೆಂಗಸರಿಗೆ 12 ಗ್ರಾಂ, ಗಂಡಸರಿಗೆ 13 ಗ್ರಾಂ ಆದರೂ ಇರಬೇಕು. ಗರ್ಭಿಣಿಯರಿಗೆ 11. ಅದಕ್ಕಿಂತ ಇಳಿದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಇದು ಇದೆ.

ಇಷ್ಟು ಜನರಿಗಿದ್ದರೂ ಗೊತ್ತಾಗುವುದಿಲ್ಲ ಯಾಕೆ? ರಕ್ತ ನಿಧಾನಕ್ಕೆ ಇಳಿಯುತ್ತದೆ, ಮೈ ಹೇಗೋ ಹೊಂದಿಕೊಳ್ಳುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ತಲೆಸುತ್ತು. ಎಲ್ಲದಕ್ಕೂ ‘ಕೆಲಸ ಜಾಸ್ತಿ’ ಅನ್ನುವ ಒಂದೇ ಉತ್ತರ. ಕನ್ನಡಿ ಮುಂದೆ ನಿಂತು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ. ಒಳಗೆ ಬಿಳಿಚಿಕೊಂಡಿದ್ದರೆ ತಡಮಾಡಬೇಡಿ. ಕೆಂಪಗಿದ್ದರೂ ಸುಸ್ತು ಹೋಗದಿದ್ದರೆ ಪರೀಕ್ಷೆ ಬೇಕು.

ರಕ್ತ ಕಡಿಮೆ ಅಂದ ಕೂಡಲೇ ಬೀಟ್ರೂಟ್ ತರುತ್ತಾರೆ. ಬಣ್ಣ ಕೆಂಪು ಅಷ್ಟೇ, ಅದರಲ್ಲಿ ಕಬ್ಬಿಣ ಅಷ್ಟೇನಿಲ್ಲ. ಸೊಪ್ಪು, ಕಾಳು ತಿನ್ನಿ, ಮೇಲೆ ನಿಂಬೆಹುಳಿ ಹಿಂಡಿಕೊಳ್ಳಿ. ಮಾಂಸ ತಿನ್ನುವವರಿಗೆ ಇನ್ನೂ ಸುಲಭ. ಊಟದ ಜೊತೆ ಕಾಫಿ, ಟೀ ಬೇಡ, ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ.

ಊಟವೊಂದೇ ಕಾರಣವಲ್ಲ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದೆಯಾ? ಮೂಲವ್ಯಾಧಿ ಇದೆಯಾ? ಬರಿಗಾಲಲ್ಲಿ ಓಡಾಡುವವರ ಕರುಳಲ್ಲಿ ಕೊಕ್ಕೆಹುಳು ಕೂತು ರಕ್ತ ಹೀರುತ್ತಿರಬಹುದು. ವಯಸ್ಸಾದ ಗಂಡಸರಿಗೆ ಕಬ್ಬಿಣ ಕಡಿಮೆಯಾದರೆ ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ನೋಡಿಸಲೇಬೇಕು. ಕೈಕಾಲು ಜೋಮು ಹಿಡಿಯುತ್ತಿದ್ದರೆ ವಿಟಮಿನ್ ಬಿ12 ಕೊರತೆಯೂ ಇರಬಹುದು. ಥಲಸ್ಸೀಮಿಯಾ, ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಗಳು ಹುಟ್ಟಿನಿಂದಲೇ ಬರುವಂಥವು, ಕಬ್ಬಿಣದ ಮಾತ್ರೆಗೆ ಗುಣವಾಗುವುದಿಲ್ಲ.

ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರೆ ಮಲ ಕಪ್ಪಾಗುತ್ತದೆ. ಹೆದರಿ ನಿಲ್ಲಿಸಬೇಡಿ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ತಗೊಳ್ಳಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ, ಮೈಯಲ್ಲಿ ಖಾಲಿಯಾದ ದಾಸ್ತಾನು ತುಂಬಬೇಕಲ್ವಾ.

ನಮಸ್ಕಾರ.